ಕೊಜುಯೆಯ ನೊಣಗಳು

ಕ್ಯೋಟೋ
ಆಗಸ್ಟ್ ಕೊನೆಯ ಭಾನುವಾರ

ಪ್ರೀತಿಯ ಕೊಜುಯೆ,

ಜೀರುಂಡೆಗಳ ಗಲಾಟೆ ಇಳಿದಿದೆ, ಸೆಕೆ ಇಳಿದಿಲ್ಲ. ತೊಟ್ಟೋರಿಯಲ್ಲಿ ನಿಮಗೀಗ ಪೇರ್ ಹಣ್ಣು ಕೀಳುವ ಸಮಯ, ಕೂರಲೂ ಪುರುಸೊತ್ತಿರಲಿಕ್ಕಿಲ್ಲ. ಹಿಂದಿನ ಪತ್ರಗಳಿಗೆ ನೀನು ಉತ್ತರಿಸದಿದ್ದಕ್ಕೆ ಬೇಸರವಿಲ್ಲ ಎಂದು ಬರೆಯಹೊರಟಿದ್ದೆ. ಅದು ಸುಳ್ಳು. ಇರಲಿ, ಇದೊಂದನ್ನು ಪೂರ್ತಿ ಓದು.

ನೀನು ಬಿಟ್ಟುಹೋದ ಹಣ್ಣಿನ ನೊಣಗಳನ್ನು ನಾನು ಎಸೆಯಲಿಲ್ಲ. ಮಿದುಳನ್ನು ಸುತ್ತಿ ಬೇಲಿಯಂತೆ ಕಾಯುವ ಗ್ಲಿಯಾ ಕೋಶಗಳಲ್ಲಿ ಒಂದೇ ಒಂದು ಜೀನ್ ಕೆಲಸ ಮಾಡದಂತೆ ಅದರ ಬಾಯಿ ಕಟ್ಟಿದ್ದೆಯಲ್ಲ, ಆ ನೊಣಗಳು. ಇಷ್ಟು ವರ್ಷವೂ ಹಳೆಯ ಸೀಸೆಯಿಂದ ಹೊಸ ಸೀಸೆಗೆ ದಾಟಿಸುತ್ತ ಅವುಗಳ ವಂಶ ಉಳಿಸಿಕೊಂಡು ಬಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಲು ಈ ಲ್ಯಾಬಿನಲ್ಲಿ ಯಾರಿದ್ದಾರೆ? ನಮ್ಮ ಜೊತೆಯವರೆಲ್ಲ ಒಬ್ಬೊಬ್ಬರಾಗಿ ಹೋದರು. ಮಧ್ಯಾಹ್ನದ ಬುತ್ತಿಯನ್ನು ಕಿಟಕಿಗೆ ಮುಖಮಾಡಿ ತಿನ್ನುತ್ತೇನೆ.

ಆವತ್ತಿನ ಲ್ಯಾಬ್ ಸಭೆ ನಿನಗೆ ಮರೆತಿರಲಾರದು. ಹೊಟ್ಟೆಗೆ ಚುಚ್ಚಿದ ಬಣ್ಣ ನಿನ್ನ ಕೆಲವು ನೊಣಗಳಲ್ಲಿ ಬೇಲಿ ದಾಟಿ ಮಿದುಳಿಗೆ ಸೋರಿತ್ತು, ಕೆಲವುಗಳಲ್ಲಿ ಅಂಚಿನಲ್ಲೇ ನಿಂತಿತ್ತು. ಕುರಾಮೊಚಿ ಮೇಷ್ಟ್ರು ಎಲ್ಲರ ಮುಂದೆ, "ಒಂದ್ಸಲ ಹೌದು, ಒಂದ್ಸಲ ಅಲ್ಲ! ತೊಂದ್ರೆ ಜೀನ್‌ನಲ್ಲಿಲ್ಲಮ್ಮ, ನಿನ್ನ ಕೈಯಲ್ಲಿದೆ," ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ವಸಂತದಲ್ಲೇ ನೀನು ಊರಿಗೆ ಹೊರಟೆ.

ಈ ಏಪ್ರಿಲ್‌ನಲ್ಲಿ ನನಗೆ ಜ್ವರ ಬಂದು ವಾರಗಟ್ಟಲೆ ಮಲಗಿದ್ದೆ. ಚುಚ್ಚಬೇಕೆಂದು ಎತ್ತಿಟ್ಟಿದ್ದ ಎಳೆಯ ನೊಣಗಳು ನಾನು ಏಳುವಷ್ಟರಲ್ಲಿ ಮುದಿಯಾಗಿದ್ದವು. ಎಸೆಯಲು ಮನಸ್ಸಾಗದೆ ಅವಕ್ಕೇ ಬಣ್ಣ ಚುಚ್ಚಿದೆ. ಒಂದರಲ್ಲೂ ಸೋರಲಿಲ್ಲ! ಮತ್ತೆ ಎಳೆಯವನ್ನು ತೆಗೆದುಕೊಂಡೆ, ಎಲ್ಲದರಲ್ಲೂ ಸೋರಿತು. ವಯಸ್ಸಿಗೆ ತಕ್ಕಂತೆ ಬೇರೆಬೇರೆ ಮಾಡಿ, ಆ ಕೋಶಗಳಲ್ಲಿ ಯಾವ್ಯಾವ ಜೀನ್ ಎಷ್ಟೆಷ್ಟು ಕೆಲಸ ಮಾಡುತ್ತಿದೆಯೆಂದು ಅಳೆದೆ. ನೀನು ಬಾಯಿ ಕಟ್ಟಿದ ಜೀನ್ ಕೊನೆಯವರೆಗೂ ಸುಮ್ಮನಿರುತ್ತದೆ. ಆದರೆ ದಿನ ಕಳೆದಂತೆ ಇನ್ನೊಂದು ಜೀನ್ ಎದ್ದು, ಅದರ ಕೆಲಸವನ್ನೂ ತಾನೇ ಹೊತ್ತುಕೊಂಡು, ಬೇಲಿಯ ಸಂದು ಮುಚ್ಚುತ್ತದೆ. ನಾವೆಲ್ಲ ಎಳೆಯದು ಮುದಿಯದು ನೋಡದೆ ಒಟ್ಟಿಗೆ ಚುಚ್ಚುತ್ತಿದ್ದೆವು ಕಣೇ. ನೀನು ಕಂಡದ್ದೆಲ್ಲ ನಿಜವೇ ಆಗಿತ್ತು. ಹೌದು ಎಂದದ್ದೂ, ಅಲ್ಲ ಎಂದದ್ದೂ.

ಅದು ಖಚಿತವಾದಾಗ ಒಬೋನ್ ರಜೆ. ಎಲ್ಲರೂ ಹಿರಿಯರ ಸಮಾಧಿ ತೊಳೆಯಲು ಊರಿಗೆ ಹೋಗಿದ್ದರು, ಇಡೀ ಕಟ್ಟಡದಲ್ಲಿ ನಾನೊಬ್ಬಳೇ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದೀತು ಅನ್ನಿಸಿ, ಸ್ಟೇಷನ್ ಪಕ್ಕದ ಉದೊನ್ ನೂಡಲ್ಸ್ ಅಂಗಡಿಗೆ ಹೋಗಿ ಅಲ್ಲಿಯ ಅಜ್ಜಿಗೆ, "ಇವತ್ತು ನಂಗೆ ಸಿಕ್ತು, ಅಜ್ಜಿ!" ಎಂದೆ. ಅವರು ಸೌಟು ಹಿಡಿದುಕೊಂಡೇ, "ಅಯ್ಯೋ, ಏನು ಕಳ್ಕೊಂಡಿದ್ದೆ ಮಗಾ?" ಎಂದು ಕೇಳಿದರು. ಬಟ್ಟಲಿಗೆ ತಲೆ ಬಗ್ಗಿಸಿ ಅತ್ತೆ. ಖಾರ ಜಾಸ್ತಿಯಾಯಿತೆಂದುಕೊಂಡು ಅವರು ನೀರು ತಂದಿಟ್ಟರು.

ರಜೆ ಮುಗಿಸಿ ಬಂದ ಮೇಷ್ಟ್ರ ಮುಂದೆ ನೊಣಗಳ ಮಿದುಳಿನ ಚಿತ್ರಗಳನ್ನಿಟ್ಟೆ. ಬಹಳ ಹೊತ್ತು ನೋಡಿ, "ಇವು ಕೊಜುಯೆ ನೊಣಗಳಾ?" ಎಂದರು. ಹೌದೆಂದೆ. "ಹಾಗಾದ್ರೆ ಅವಳ ಕೈ ಸರಿಯಾಗೇ ಇತ್ತು." ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ. "ನಾನೇ ಬರೀಬೇಕು ಅವಳಿಗೆ. ಏನಂತ ಬರೀಲಿ?" ಎಂದು ನನ್ನನ್ನೇ ಕೇಳಿದರು. ನಾನು ಹೇಳಿಕೊಡಲಿಲ್ಲ. ಅದು ಅವರೇ ಹುಡುಕಬೇಕಾದ ಮಾತು. ಅವರ ಪತ್ರ ಬಂದರೆ ಹರಿಯಬೇಡ. ಹರಿಯುವುದಿದ್ದರೂ ಓದಿ ಹರಿ.

ನಿನ್ನ ಯಜಮಾನರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಬಿಸಿಲಿನಲ್ಲಿ ಟೋಪಿಯಿಲ್ಲದೆ ಏಣಿ ಹತ್ತಬೇಡ.

ನಿನ್ನ
ಚಿಹಾರು

ಮತ್ತೊಂದು ಮಾತು: ಪ್ರಬಂಧ ಕಳಿಸಿಯಾಗಿದೆ. ನಿನ್ನ ಹೆಸರು ಮೊದಲು, ನನ್ನದು ಆಮೇಲೆ. ಮೇಷ್ಟ್ರು, "ತಿರುಗಿಸಿ ಬರಿ ಚಿಹಾರು, ಮೊದಲ್ನೇ ಹೆಸರಿಗೇ ಬೆಲೆ, ಈಗ ಕೆಲಸ ಹುಡುಕಬೇಕಾಗಿರೋದು ನೀನು," ಎಂದರು. ಮಾರ್ಚ್‌ಗೆ ಇಲ್ಲಿ ನನ್ನ ಕೆಲಸದ ಗುತ್ತಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲವಂತೆ. ನಾನು ತಿರುಗಿಸಲಿಲ್ಲ. ಕೆಲಸ ಹೋಗುವುದನ್ನು ಅಮ್ಮನಿಗೂ ಇನ್ನೂ ಹೇಳಿಲ್ಲ.