ಮೋತಿಯ ಕೊರಳಿನ ಕೆಂಪು ಪಟ್ಟಿ

ವಾಡಿ
೧೨ ಸೆಪ್ಟೆಂಬರ್ ೨೦೨೪, ಗುರುವಾರ

ರಮಾ ಅಕ್ಕಗ ನಿನ್ನ ತಂಗಿ ಲುಂಬಿನಿಯ ಜೈಭೀಮ.

ಇಲ್ಲಿ ನಾವೆಲ್ಲ ಆರಾಮ ಇದ್ದೀವಿ ಅಂತ ಬರೀಲಿಕ್ಕೆ ಕುಂತೆ, ಕೈ ಬರಲಿಲ್ಲ. ನಮ್ಮ ಮಿತ್ರಾ ಹೋಗಿ ಇವತ್ತಿಗೆ ಐವತ್ತೆಂಟು ದಿನ. ಏಳು ವರ್ಷದ ಮಗಳನ್ನ ಕಳಕೊಂಡಾಕಿ ನೀನು, ದಿನಾ ಫೋನ್ ಮಾಡಿ ಉಂಡಿಯೇನು, ಮಲಗಿದ್ದಿಯೇನು ಅಂತ ನನ್ನ ಕೇಳ್ತಿ. ಅದನ್ನ ತಡ್ಕೊಳ್ಳಲಿಕ್ಕೆ ನನಗ ಆಗವಲ್ದು ಅಕ್ಕಾ. ಒಂದು ಸಲ ಬೈದಿದ್ರ ಛಲೋ ಇತ್ತು.

ಅವ್ವ ನಿನ್ನೆ ಎಲ್ಲಾ ಹೇಳಿದ್ಳು. ಬರೋ ಸೋಮವಾರ ನೀನೀಗ ಇರೋ ಶಹಾಬಾದದ ನಮ್ಮ ತವರುಮನ್ಯಾಗ ಹಿರಿಯರು ಕೂಡ್ತಾರಂತ, ಭಾವನ್ನ ಬಿಡ್ತೀನಿ ಅಂತ ನೀನು ಎಲ್ಲರ ಮುಂದೆ ಕಾಗದಕ್ಕ ಸಹಿ ಹಾಕ್ತಿಯಂತ. ನಾಯಿ ಕಡದದ್ದು ಕಣ್ಣಾರೆ ನೋಡಿನೂ ಮಗಳನ್ನ ದವಾಖಾನಿಗೆ ಒಯ್ಯದ ಗಂಡಸಿನ ಜೋಡಿ ಬಾಳ್ವೆ ಮಾಡಂಗಿಲ್ಲ ಅಂದಿಯಂತ. ಸೋಮವಾರಕ್ಕ ಮೊದ್ಲ ಇದು ನಿನ್ನ ಕೈ ಸೇರಬೇಕು. ನಮ್ಮ ಬಾಜೂಮನಿ ಅಂಬಿಕಾ ದಿನಾ ರೈಲಿಗೆ ಶಹಾಬಾದಕ್ಕ ಕೆಲಸಕ್ಕ ಹೋಗ್ತಾಳಲ್ಲ, ಆಕಿ ಕೈಯಾಗ ಕೊಟ್ಟು ಕಳಸಾಕತ್ತೀನಿ. ಫೋನಿನ್ಯಾಗ ಹೇಳಬಹುದಿತ್ತು. ಆದ್ರ ನೀ ತಂಗೀ ಅಂದ ಕೂಡಲೆ ನನ್ನ ಬಾಯಿ ಕಟ್ತದ.

ಸುರೇಶಕುಮಾರ ಭಾವನ ತಪ್ಪಿಲ್ಲ ಅಕ್ಕಾ. ತಪ್ಪು ನಂದು.

ಮಾರ್ಚ್ ತಿಂಗಳಿನ್ಯಾಗ ನಮ್ಮ ಸಂಸ್ಥೆಯವರು ನಾಯಿಗಳಿಗೆ ಹುಚ್ಚಿನ ರೋಗದ ಸೂಜಿ ಹಾಕಲಿಕ್ಕೆ ನಿಮ್ಮೂರು ಕೊಡ್ಲಿಗೆ ಬಂದಿದ್ದೆವಲ್ಲ, ನಾನೇ ಮುಂದೆ ನಿಂತು ಮನಿಮನಿ ತಿರುಗಿದ್ದೆ. ಸೂಜಿ ಹಾಕಿದ ನಾಯಿ ಕೊರಳಿಗೆ ಕೆಂಪು ಪಟ್ಟಿ ಕಟ್ಟೋದು ನಮ್ಮ ಪದ್ಧತಿ. ಪಟ್ಟಿ ಇದ್ದ ನಾಯಿಗೆ ಅಂಜಬ್ಯಾಡ್ರಿ ಅಂತ ಸಮಾಜ ಮಂದಿರದ ಕಟ್ಟಿ ಮ್ಯಾಲೆ ಭಾಷಣ ಬ್ಯಾರೆ ಮಾಡಿದ್ದೆ. ಪಟ್ಟಿ ಇರಲಿ, ಇಲ್ಲದಿರಲಿ, ಕಡದ್ರ ಮಾತ್ರ ದವಾಖಾನಿಗೆ ಹೋಗಲೇಬೇಕು ಅನ್ನೋ ಮಾತು ಕಡೀಕ ಬರ್ತಿತ್ತು, ಅಷ್ಟೊತ್ತಿಗೆ ಮಂದಿ ಎದ್ದು ಹೋಗಿರ್ತಿದ್ರು. ಭಾಳ ಶ್ಯಾಣ್ಯಾಕಿ ನಾನು! ಮುಖ್ಯ ಮಾತು ಮೊದ್ಲು ಹೇಳಬೇಕು ಅನ್ನೋ ಅಕಲ್ ಇದ್ದಿಲ್ಲ.

ಅವತ್ತಿನ ಬಿಸಿಲು ಹ್ಯಾಂಗಿತ್ತಂತ ನಿನಗ ಗೊತ್ತದ. ಔಷಧ ತಣ್ಣಗಿದ್ರಷ್ಟ ಕೆಲಸ ಮಾಡ್ತದ, ನಮ್ಮ ಕಡೆ ಬರ್ಫಿನ ಡಬ್ಬಿ ಒಂದೇ, ಊರು ಮೂರು. ಮಧ್ಯಾಹ್ನ ಎರಡಕ್ಕ ಬರ್ಫೆಲ್ಲ ಕರಗಿತ್ತು. ನಿಮ್ಮ ಓಣಿ ಒಂದು ಉಳಿದಿತ್ತು. ನಮ್ಮ ಮ್ಯಾಲಿನ ಮಹೇಶಕುಮಾರ ಸರ್ ಇದನ್ನ ನಾಳೆ ನೋಡೋಣು ಅಂದು ಜೀಪ್ ಹತ್ತಿದ್ರು.

ಆಗ ಮಿತ್ರಾ ನಿಮ್ಮ ಮನೀ ನಾಯಿ ಮೋತಿನ ಎರಡೂ ಕೈಲೆ ಅವಚಿಕೊಂಡು ಓಡಿ ಬಂದ್ಳು. ಆಚಿ ಓಣಿ ನಾಯಿಗೆಲ್ಲ ಪಟ್ಟಿ ಕಟ್ಟೀದಿ, ನಮ್ಮ ಮೋತಿ ಏನು ಮಾಡ್ಯಾದ ಚಿಗವ್ವ ಅಂತ ಮೂಗು ಸುರಿಸ್ಕೋತ ಅತ್ಳು. ಔಷಧ ಇಲ್ಲ ಪುಟ್ಟಿ ಅಂದ್ರ ಕೇಳ್ತದೇನು ಆ ಹುಡುಗಿ? ಕಿಸೆದಾಗ ಒಂದು ಪಟ್ಟಿ ಇತ್ತು, ಕಟ್ಟಿದೆ. ನಾಳೆ ಬಂದು ಸೂಜಿ ಹಾಕ್ತೀನಂತ ಹೇಳಿದೆ. ಅಳು ನಿಲ್ಲಿಸಿ ಮೋತಿನ ಎತ್ಗೊಂಡು ಓಣಿ ತುಂಬ ತೋರಸ್ಕೋತ ಹೋದ್ಳು. ಸಂಜಿಗೆ ಖರ್ಚಾದ ಪಟ್ಟಿಗೂ ಸೂಜಿಗೂ ತಾಳೆ ಆಗಬೇಕಲ್ಲ, ಮೋತಿಗೂ ಸೂಜಿ ಹಾಕೀನಿ ಅಂತ ಬರದುಕೊಟ್ಟೆ.

ಮರುದಿನ ನಮ್ಮನ್ನ ಸೇಡಂ ಕಡೆ ಕಳಿಸಿದ್ರು, ಅಲ್ಲಿಂದ ಚಿತ್ತಾಪುರಕ್ಕ. ಆ ನಾಳೆ ಬರಲೇ ಇಲ್ಲ. ಮೋತಿ ಸುದ್ದಿ ನಾ ಮರತೆ ಅಕ್ಕಾ, ಮರತೇ ಬಿಟ್ಟೆ.

ಜೂನಿನ್ಯಾಗ ಅವ್ವನ ಕಣ್ಣಿನ ಆಪರೇಷನ್ ಅಂತ ನೀನು ಶಹಾಬಾದಿಗೆ ಬಂದಿದ್ದಿ. ಅತ್ಲಾಗ ರೊಟ್ಟಿ ಹಾಕಲಿಕ್ಕೆ ಹೋದ ಮಿತ್ರಾನ ಕೈಗೆ ಮೋತಿ ಬಾಯಿ ಹಾಕ್ತು. ಕೊರಳಾಗ ಪಟ್ಟಿ ಅದ, ಏನೂ ಆಗಂಗಿಲ್ಲ ಅಂತ ಭಾವ ತಿಳಕೊಂಡ್ರು. ಪಟ್ಟಿ ಕಟ್ಟಿದಾಕಿ ಯಾರು? ಮನೀ ಮಗಳು ಕಟ್ಯಾಳ ಅಂದ ಮ್ಯಾಲೆ ಯಾರಾದ್ರೂ ನಂಬೋರೇ. ಮೂರು ದಿನಕ್ಕ ಮೋತಿ ಕಾಣೆ ಆಯ್ತು, ಹೊಲದ ಕಡೆ ಹೋಗಿರಬೇಕು ಅಂದ್ಕೊಂಡ್ರು. ನೀನು ಊರಿಗೆ ಹೋಗೂದ್ರಾಗ ಗಾಯ ಒಣಗಿತ್ತು. ಜುಲೈದಾಗ ಏನಾಯ್ತಂತ ನಾ ಬರೀಬೇಕಾಗಿಲ್ಲ. ನೀರಿನ ಲೋಟ ಕಂಡು ಚೀರೋ ಕೂಸನ್ನ ಮಡಿಲಾಗ ಹಿಡಕೊಂಡು ಕುಂತಾಕಿ ನೀನು. ನಾ ಬಾಗಿಲದಾಗ ನಿಂತಿದ್ದೆ, ಒಳಗ ಬರಲಿಕ್ಕೆ ಧೈರ್ಯ ಆಗಲಿಲ್ಲ.

ಮೊನ್ನೆ ಮಹೇಶಕುಮಾರ ಸರ್ ಕಡೆ ಹೋಗಿ ಎಲ್ಲಾ ಒಪ್ಪಿಕೊಂಡು ಬರದುಕೊಟ್ಟೀನಿ. ನೌಕರಿ ಹೋಯ್ತು, ಹೋಗಲಿ. ನಿನ್ನೆ ಅವರು ಕೊಡ್ಲಿಗೆ ಹೋಗಿ ನಿಮ್ಮ ಓಣಿಯ ಹನ್ನೊಂದು ನಾಯಿಗೂ ಸೂಜಿ ಹಾಕಿ ಬಂದ್ರಂತ. ಅರ್ಧಾ ತಾಸಿನ ಕೆಲಸ ಅಕ್ಕಾ. ಅಷ್ಟು ಕೆಲಸಕ್ಕ ಆರು ತಿಂಗಳು ಬೇಕಾಯ್ತು, ನಮ್ಮ ಹುಡುಗಿ ಜೀವ ಹೋಗಬೇಕಾಯ್ತು.

ಸೋಮವಾರ ಸಹಿ ಹಾಕಬ್ಯಾಡ. ಭಾವ ಕೊಡ್ಲಿ ಮನ್ಯಾಗ ಒಬ್ಬರೇ ಇದ್ದಾರ, ಒಲಿ ಹಚ್ಚೋದೂ ಬಿಟ್ಟಾರಂತ. ಬಿಡೋದಿದ್ರ ನನ್ನ ಬಿಡು, ನಾ ಏನೂ ಅನ್ನಂಗಿಲ್ಲ. ಅವ್ವಗ ಈ ಕಾಗದ ಓದಿ ಹೇಳು, ಹಿರಿಯರಿಗೂ ತೋರಿಸು. ನನ್ನ ಫೋನ್ ಇನ್ನು ಎತ್ತಬ್ಯಾಡ ಅನಿಸಿದ್ರ ಎತ್ತಬ್ಯಾಡ.

ನೀ ಎತ್ತಿ ಆಡಿಸಿದ,
ಲುಂಬಿನಿ

ತಾ.ಕ.: ಮಡಚಿದ ಕಾಗದ ಮತ್ತ ಬಿಚ್ಚೀನಿ. ಮ್ಯಾಲೆ ಒಂದು ಸುಳ್ಳು ಬರದೀನಿ ಅಕ್ಕಾ. ಕಡದ ದಿನ ಭಾವ ಸುಮ್ಮ ಕುಂತಿದ್ದಿಲ್ಲ. ಗಾಯ ಸಾಬೂನು ಹಚ್ಚಿ ತೊಳದು, ಮಿತ್ರಾನ ಗಾಡಿ ಮ್ಯಾಲೆ ಕುಂದ್ರಿಸಿಕೊಂಡು ಚಂದಾಪುರದ ದವಾಖಾನಿಗೆ ಹೊಂಟಿದ್ರು. ಅರ್ಧ ದಾರಿಯಾಗ ಗಾಡಿ ನಿಲ್ಲಿಸಿ, ಪಟ್ಟಿ ಇದ್ದ ನಾಯಿ ಕಡದ್ರೂ ಸೂಜಿ ಬೇಕೇನು ಲುಂಬಿನಿ ಅಂತ ನನಗ ಫೋನ್ ಮಾಡಿ ಕೇಳಿದ್ರು. ಮೋತಿ ಅಂದ ಕೂಡಲೆ ನನಗ ಎಲ್ಲಾ ನೆನಪಾಯ್ತು. ಬಾಜೂಕ ಮಹೇಶಕುಮಾರ ಸರ್ ಕುಂತಿದ್ರು, ನಾ ಸುಳ್ಳು ಬರದದ್ದು ಹೊರಗ ಬರ್ತದಂತ ಅಂಜಿದೆ. ಮಿತ್ರಾ ಫೋನ್ ಕಸಗೊಂಡು, ಸೂಜಿ ಬ್ಯಾಡಂತ ಅಪ್ಪಗ ಹೇಳು ಚಿಗವ್ವ ಅಂತ ಅತ್ಳು. ಸಾಕಿದ ನಾಯಿ, ಏನಾಗ್ತದ ಅಂತ ನನಗ ನಾನೇ ಹೇಳ್ಕೊಂಡು, ಬ್ಯಾಡ ಭಾವ, ಹೊಳ್ಳಿ ಹೋಗ್ರಿ ಅಂದೆ. ಮಣ್ಣು ಮಾಡಿದ ದಿನ ಅವರ ಕಾಲು ಹಿಡದು ಎಲ್ಲಾ ಹೇಳಿದೆ. ಅವರು ನನ್ನ ಹಿಡದು ಎಬ್ಬಿಸಿದ್ರು. ಆಮ್ಯಾಲೆ, ಇದು ರಮಾಗ ಯಾವತ್ತೂ ಗೊತ್ತಾಗಬಾರದು, ಆಕಿಗೆ ತಂಗಿಯಾದ್ರೂ ಉಳೀಲಿ ಅಂದ್ರು.