ಲೈಬ್ರರಿಯ ಮೆಟ್ಟಿಲು

ಅಪ್ಪ,

ಈ ಕಾಗದ ಓದಲು ನೀನಿಲ್ಲ. ಆದರೂ ಹುಣಸೂರಿಗೆ ಹೋಗಿ ಬಂದರೆ ಅಲ್ಲಿನ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕು ಅನ್ನಿಸುತ್ತದೆ. ಇವತ್ತು ನಿನ್ನ ಮೊಮ್ಮಗಳು ಮಾನಸಳನ್ನು ಅಲ್ಲಿನ ಲೈಬ್ರರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲೀಗ ಪಿಯುಸಿ ಮುಗಿಸಿದ ಮಕ್ಕಳನ್ನು ಕೂರಿಸಿಕೊಂಡು ಮುಂದೆ ಯಾವ ಕಾಲೇಜು, ಎಲ್ಲಿ ಹಾಸ್ಟೆಲ್ ಎಂದು ಹೇಳಿಕೊಡುತ್ತಾರೆ. ಅವಳಿಗೆ ಮೈಸೂರಿನಲ್ಲಿ ನರ್ಸಿಂಗ್ ಓದುವ ಆಸೆ, ನನಗೆ ಹಾಸ್ಟೆಲ್ ಅಂದರೆ ಭಯ. ಬೇಡ ಅನ್ನುವ ಮಾತನ್ನು ಬಾಯಲ್ಲಿಟ್ಟುಕೊಂಡೇ ಬಸ್ ಹತ್ತಿದ್ದೆ.

ಬಾಗಿಲಿಗೆ ಬಂದದ್ದೇ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ, ಥೇಟ್ ನಿನ್ನ ಹಾಗೆ. ನನ್ನನ್ನು ಸೈಕಲ್ಲಿನಲ್ಲಿ ಕರೆತಂದಾಗಲೆಲ್ಲ ನೀನು ಅಲ್ಲೇ ಟವೆಲ್ ಹಾಸಿಕೊಂಡು ಕೂರುತ್ತಿದ್ದೆ. "ನಂಗ್ಯಾಕವ್ವ ಒಳಕ್ಕೆ, ನೀ ಓದ್ಕಂಡ್ ಬಾ" ಅನ್ನುತ್ತಿದ್ದೆ. ನಾನು ಹೊರಗೆ ಬರುವಷ್ಟರಲ್ಲಿ ನೆರಳು ಸರಿದು ಬಿಸಿಲು ನಿನ್ನ ಮೇಲೆ ಬಂದಿರುತ್ತಿತ್ತು.

ಮಾನಸ ನನ್ನನ್ನು ಬಿಡಲಿಲ್ಲ. "ಅವ್ವೋ, ಅದ್ಯಾಕ್ ಅಲ್ ಕುಂತ್ಕಂಡೆ? ಬಾ, ನನ್ ಪಕ್ಕದಲ್ಲೇ ಚೇರ್ ಐತೆ" ಎಂದು ಕೈಹಿಡಿದು ಎಳೆದಳು. ಒಳಗೆ ಪಿರಿಯಾಪಟ್ಟಣ ಕಡೆಯ ನರ್ಸಿಂಗ್ ಹುಡುಗಿಯೊಬ್ಬಳು ಹಾಸ್ಟೆಲ್ಲಿನ ಊಟ, ಗೇಟು, ವಾರ್ಡನ್ನು ಎಲ್ಲವನ್ನೂ ಬಿಡಿಸಿ ಹೇಳಿದಳು. "ಮೊದ್ಲು ಅಳು ಬತ್ತದೆ ಕಣಕ್ಕ, ಆಮೇಕೆ ರಜ ಬಂದ್ರೂ ಊರಿಗ್ ಹೋಗಕ್ ಮನ್ಸಾಗಲ್ಲ" ಅಂದಳು. ನನಗೆ ನಗು ಬಂತು. ಮಗಳ ಕಡೆ ತಿರುಗಿ, "ಹೋಗು, ಓದು" ಅಂದುಬಿಟ್ಟೆ.

ಅವಳ ಖುಷಿಯನ್ನು ನೀನು ನೋಡಬೇಕಿತ್ತು. ನಾನು ಮಾತ್ರ ಕೂತಿದ್ದ ಕುರ್ಚಿಯ ಕೈಯನ್ನೇ ಸವರುತ್ತಿದ್ದೆ.

ಅಪ್ಪ, ನೀನು ಮೆಟ್ಟಿಲ ಮೇಲೆ ಕೂರುತ್ತಿದ್ದಾಗ ಒಳಗೆ ನನ್ನ ಪಕ್ಕದಲ್ಲೂ ಒಂದು ಕುರ್ಚಿ ಖಾಲಿ ಇರುತ್ತಿತ್ತು.