ಕೊಳವೆಗೆ ಕಟ್ಟಿದ್ದ ಹಸಿರು ತಂತಿ

ಮನೆಮನೆಯ ನೀರಿನ ಕೊಳವೆ ಬದಲಾಯಿಸಿ ಎಂದು ಆಜ್ಞೆ ಹೊರಡಿಸಿದ ಮುಖ್ಯ ಇಂಜಿನಿಯರ್ ಸಾಹೇಬರಿಗೆ,

ಮಾನ್ಯರೇ, ನೀವು ಹೇಳಿದ ಕೊಳವೆಯನ್ನೇ ಹಾಕಿಸಿದೆ. ಹನ್ನೆರಡನೇ ದಿನ ನನ್ನ ಹೆಂಡತಿ ಅಡುಗೆಮನೆಯ ನಲ್ಲಿ ಮುಟ್ಟಿದವಳು ಕರೆಂಟ್ ಹೊಡೆದು ಬಿದ್ದಳು. ಬದುಕಿದ್ದಾಳೆ. ಬಲಗೈಯ ಎರಡು ಬೆರಳಿಗೆ ಇನ್ನೂ ಸ್ಪರ್ಶಜ್ಞಾನ ಬಂದಿಲ್ಲ. ಬರುವ ಸೋಮವಾರ ಹಿಂದಿನ ಬೀದಿಯ ನಲವತ್ತು ಮನೆಗಳಲ್ಲಿ ಇದೇ ಕೆಲಸ ಶುರುವಾಗುತ್ತದಂತೆ; ನಮಗೆ ಕೊಟ್ಟ ಕರಪತ್ರವನ್ನೇ ಅಲ್ಲಿಯೂ ಹಂಚಿದ್ದೀರಿ. ಅದಕ್ಕೇ ಈ ಪತ್ರವನ್ನು ನಿಮ್ಮ ಮೇಜಿನ ಮೇಲಿಡದೆ ಹತ್ತು ಜನ ಓದುವ ಕಡೆ ಹಾಕಿಸುತ್ತಿದ್ದೇನೆ.

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಏಳನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟೆ. ಓದಿದ್ದಕ್ಕಿಂತ ಹೊಲಿದದ್ದೇ ಹೆಚ್ಚು. ಸ್ವಭಾವದಲ್ಲಿ ಪುಕ್ಕಲ. ಕಬ್ಬಿಣದ ಕೊಳವೆ ತುಕ್ಕು ಹಿಡಿದಿದೆ, ಮೂರು ತಿಂಗಳಲ್ಲಿ ಬದಲಾಯಿಸತಕ್ಕದ್ದು, ಯಾವುದನ್ನು ಹಾಕಿಸಬೇಕೆಂಬುದು ಮನೆಯವರ ಆಯ್ಕೆ ಎಂದು ನಿಮ್ಮ ನೋಟೀಸು ಬಂದಾಗ ನನಗೆ ಊಟ ಸೇರಲಿಲ್ಲ. ಆಯ್ಕೆ ಎಂದರೆ ಏನು ಸ್ವಾಮಿ, ಅಂಗಿ ಬಟ್ಟೆಯೆ? ತಾಮ್ರವೋ, ಮತ್ತೆ ಕಬ್ಬಿಣವೋ, ಪ್ಲಾಸ್ಟಿಕ್ಕೋ? ಪ್ಲಾಸ್ಟಿಕ್ಕಾದರೆ ಬಿಸಿನೀರಿಗೆ ಮೆತ್ತಗಾದರೆ? ಇಲಿ ಕಡಿದರೆ? ಅಂಟಿಸುವ ಗೋಂದು ಹೊಟ್ಟೆಗೆ ಹೋದರೆ? ಹನ್ನೊಂದು ಪ್ರಶ್ನೆ ಬರೆದುಕೊಂಡೆ. "ಇಲಿ ಹೋದ್ರೆ ಹುಲಿ ಹೋಯ್ತು ಅಂತಾರೆ ಇವರು. ಓದಿದವರು ಕೂತಿದಾರಲ್ಲ ಅಲ್ಲಿ, ಹೋಗಿ ಕೇಳ್ಕೊಂಡು ಬನ್ನಿ, ನನ್ನ ತಲೆ ತಿನ್ನಬೇಡಿ" ಎಂದು ಹೆಂಡತಿ ಅಟ್ಟಿದಳು. ಎರಡು ದಿನ ನಿಮ್ಮ ಖಾಲಿ ಕುರ್ಚಿಯನ್ನು ನೋಡಿ ಬಂದೆ. ಮೂರನೇ ದಿನ ಕುರ್ಚಿಯಲ್ಲಿ ನೀವಿದ್ದಿರಿ.

ನಿಮಗೆ ನೆನಪಿರಲಿಕ್ಕಿಲ್ಲ, ನನಗೆ ಅಕ್ಷರಕ್ಷರ ನೆನಪಿದೆ. ಪ್ಲಾಸ್ಟಿಕ್ಕೇ ಹಾಕಿಸಿ ಎಂದಿರಿ, ಎಂಟು ಪ್ರಶ್ನೆಗೆ ಚೆನ್ನಾಗಿಯೇ ಉತ್ತರ ಕೊಟ್ಟಿರಿ. ಬಿಸಿನೀರಿಗೆ ಬೇರೆ ನಮೂನೆಯ ಕೊಳವೆ, ಬಿಸಿಲು ಬೀಳುವಲ್ಲಿ ಹೊದಿಕೆ, ಅಂಟು ಒಣಗಲು ಒಂದು ದಿನ. ನಾನು ಬರೆದುಕೊಂಡೆ. ಆಮೇಲೆ ಒಂಬತ್ತನೆಯದನ್ನು ಕೇಳಿದೆ: "ಸಾರ್, ನಮ್ಮನೆ ಹಳೇ ಪೈಪಿಗೆ ಒಂದು ಹಸಿರು ತಂತಿ ಸುತ್ತಿ ಬಿಗಿದಿದಾರೆ. ಪೈಪ್ ತೆಗೆದ್ರೆ ಅದನ್ನೇನು ಮಾಡೋದು?"

"ಅದು ಕರೆಂಟಿನವರದ್ದು ಕಣ್ರೀ, ನಮ್ಮದಲ್ಲ. ನೀರಿನ ವಿಷಯ ಇದ್ರೆ ಕೇಳಿ" ಎಂದಿರಿ. ಪಕ್ಕದ ಮೇಜಿನ ಗುಮಾಸ್ತರು, "ಸಾರ್, ಇವರಿಗೆ ಪೈಪಿನ ಜಾತಕಾನೂ ಬರೆದುಕೊಡಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಉಳಿದ ಎರಡು ಪ್ರಶ್ನೆ ಕೇಳದೆ ಎದ್ದು ಬಂದೆ. ಹೆಚ್ಚು ಓದದವನಿಗೆ ಒಂದು ನಾಚಿಕೆ ಇರುತ್ತದೆ ಸ್ವಾಮಿ. ಅದು ಭಯಕ್ಕಿಂತ ದೊಡ್ಡದು.

ನಲ್ಲಿ ಕೆಲಸದವನು ಬೀದಿಯಿಂದ ಮನೆಯವರೆಗೆ ಹೊಸ ಪ್ಲಾಸ್ಟಿಕ್ ಎಳೆದ. ಅಡುಗೆಮನೆಯ ಗೋಡೆಯೊಳಗಿನ ಎರಡಡಿ ಕಬ್ಬಿಣವನ್ನು ಮಾತ್ರ ಬಿಟ್ಟ. "ಟೈಲ್ಸ್ ಒಡೆದ್ರೆ ಅಕ್ಕ ನನ್ನನ್ನೇ ಒಡೀತಾರೆ, ಇರ್ಲಿ ಬಿಡಣ್ಣ" ಎಂದ. ತಂತಿ ಆ ಎರಡಡಿ ತುಂಡಿಗೇ ಸುತ್ತಿಕೊಂಡು ಉಳಿಯಿತು. ಅವನನ್ನೂ ಕೇಳಿದೆ. "ಇಂಜಿನಿಯರ್ ಸಾಹೇಬ್ರು ಏನಂದ್ರು?" ಎಂದ. ನಮ್ಮದಲ್ಲ ಅಂದರು ಎಂದೆ. "ಅವರದ್ದೇ ಅಲ್ಲ ಅಂದ್ಮೇಲೆ ನನ್ನದು ಹೆಂಗಾಗುತ್ತೆ?" ಎಂದ.

ಹನ್ನೆರಡನೇ ದಿನ ಮಧ್ಯಾಹ್ನ ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿತ್ತು. ಹೆಂಡತಿ ಒದ್ದೆ ನೆಲದ ಮೇಲೆ ನಿಂತು ನಲ್ಲಿಗೆ ಕೈ ಹಾಕಿದಳು. ಪಾತ್ರೆ ಬಿದ್ದ ಸದ್ದಿಗೆ ಓಡಿಬಂದು ನೋಡಿದರೆ ಕೈ ನಲ್ಲಿಗೆ ಅಂಟಿಕೊಂಡಿದೆ, ಬಾಯಿಂದ ಮಾತಿಲ್ಲ. ಮುಟ್ಟದೆ ಓಡಿ ಮೇನ್ ಸ್ವಿಚ್ ಆರಿಸಿದೆ. ಅವಳು ಕುಸಿದಳು.

ಆಮೇಲೆ ಬಂದ ಕರೆಂಟ್ ಕೆಲಸದವರು ಎರಡೇ ಮಾತಿನಲ್ಲಿ ತಿಳಿಸಿದರು. ಹಳೆಯ ಮನೆಗಳಲ್ಲಿ ಕೆಟ್ಟ ಕರೆಂಟು ನೆಲಕ್ಕೆ ಇಳಿದುಹೋಗಲೆಂದು ಆ ತಂತಿಯನ್ನು ನೀರಿನ ಕಬ್ಬಿಣಕ್ಕೇ ಕಟ್ಟುತ್ತಿದ್ದರು. ಕಬ್ಬಿಣ ತೆಗೆದು ಪ್ಲಾಸ್ಟಿಕ್ ಹಾಕಿದರೆ ಅದು ಇಳಿಯುವ ದಾರಿಯೇ ಕಡಿದಂತೆ. ಯಂತ್ರದಲ್ಲಿ ಸಣ್ಣ ದೋಷ ಬಂದರೂ ಸಾಕು, ಆ ಕರೆಂಟು ಬಂದು ನಲ್ಲಿಯಲ್ಲಿ ಕಾದು ಕೂತಿರುತ್ತದೆ. "ಪೈಪ್ ಬದಲಾಯಿಸೋಕೆ ಮೊದಲು ಯಾರನ್ನೂ ಕೇಳಲಿಲ್ವಾ ನೀವು?" ಎಂದು ಅವರು ನನ್ನನ್ನು ಕೇಳಿದರು.

ಪ್ಲಾಸ್ಟಿಕ್ಕಿನ ಮೇಲೆ ನನಗೆ ಸಿಟ್ಟಿಲ್ಲ. ನೀರು ಈಗ ತಿಳಿಯಾಗಿ ಬರುತ್ತದೆ, ನಿಜ. ಆದರೆ ನಾಲ್ಕು ಬಣ್ಣದ ನಿಮ್ಮ ಕರಪತ್ರದಲ್ಲಿ ಕೊಳವೆ ಐವತ್ತು ವರ್ಷ ಬಾಳುತ್ತದೆ ಎಂದು ಮೂರು ಕಡೆ ಅಚ್ಚಾಗಿದೆ. ನಲ್ಲಿ ತಿರುಗಿಸುವವರು ಎಷ್ಟು ವರ್ಷ ಬಾಳಬೇಕು ಎಂಬುದಕ್ಕೆ ಜಾಗ ಸಾಲಲಿಲ್ಲವೆ? ಈ ಅನಾಹುತ ಬರೆದು ಕೊಟ್ಟ ಅರ್ಜಿಗೆ, "ವಿದ್ಯುತ್ ಸಂಬಂಧಿತ ದೂರು, ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ" ಎಂದು ಒಂದೇ ಸಾಲಿನ ಉತ್ತರ ಕಳಿಸಿದಿರಿ. ಕಬ್ಬಿಣ ತೆಗೆಸುವುದು ನಿಮ್ಮ ವ್ಯಾಪ್ತಿ, ತೆಗೆದದ್ದರ ಫಲ ನನ್ನ ಹೆಂಡತಿಯ ವ್ಯಾಪ್ತಿ, ಹೀಗೆಯೆ? ನಾನು ಕೇಳದೇ ಇದ್ದಿದ್ದರೆ ನನ್ನ ಹಣೆಬರಹ, ನನ್ನ ಅರೆ ಓದು ಎಂದುಕೊಂಡು ಸುಮ್ಮನಿರುತ್ತಿದ್ದೆ. ಕೇಳಿದ್ದೆ ಸ್ವಾಮಿ. ನಿಮ್ಮ ಎದುರು ನಿಂತು, ಬಾಯಿಬಿಟ್ಟು ಕೇಳಿದ್ದೆ.

ಆದ್ದರಿಂದ ಸೋಮವಾರದ ಕೆಲಸ ನಿಲ್ಲಿಸಿ. ಒಂದೊಂದು ಮನೆಗೂ ಕರೆಂಟ್ ತಿಳಿದವರನ್ನು ಮೊದಲು ಕಳಿಸಿ, ಆ ತಂತಿ ಇದೆಯೇ ನೋಡಿಸಿ, ಅದಕ್ಕೆ ನೆಲದಲ್ಲಿ ಬೇರೆ ದಾರಿ ಮಾಡಿಸಿದ ಮೇಲೆ ಕಬ್ಬಿಣಕ್ಕೆ ಕೈ ಹಚ್ಚಿ. ಈಗಾಗಲೇ ಬದಲಾಯಿಸಿಕೊಂಡ ನಮ್ಮ ಬೀದಿಯವರಿಗೂ ಇದನ್ನು ನೀವೇ ತಿಳಿಸಿ. ನಾನು ಹೇಳಿದರೆ ಪುಕ್ಕಲನ ಮಾತು ಎನ್ನುತ್ತಾರೆ.

ಇನ್ನೊಂದು ಕೇಳುವುದಿದೆ. ನಮ್ಮ ಮನೆಯಲ್ಲಿ ಹೆದರುವುದು ನನ್ನ ಪಾಲು, ಧೈರ್ಯ ಅವಳ ಪಾಲಾಗಿತ್ತು. ಈಗ ಎಲ್ಲ ಸರಿಮಾಡಿಸಿ ಆಯಿತು. ಆದರೂ ಅವಳು ನೀರು ಬೇಕಾದಾಗಲೆಲ್ಲ ಅಡುಗೆಮನೆಯಿಂದ "ರೀ, ಒಂಚೂರು ಬನ್ನಿ" ಎಂದು ಕರೆಯುತ್ತಾಳೆ. ನಾನು ಹೋಗಿ, ಕೈಗೆ ಒಣ ಬಟ್ಟೆ ಸುತ್ತಿಕೊಂಡೇ ನಲ್ಲಿ ತಿರುಗಿಸುತ್ತೇನೆ, ಅದು ಅವಳಿಗೂ ಕಾಣುತ್ತದೆ. ನೀವೊಮ್ಮೆ ಬನ್ನಿ. ಕೈ ಒದ್ದೆ ಮಾಡಿಕೊಂಡು, ಬರಿಗಾಲಲ್ಲಿ ನಿಂತು, ಅವಳ ಕಣ್ಣೆದುರು ಆ ನಲ್ಲಿಯನ್ನು ತಿರುಗಿಸಿ ತೋರಿಸಿ. ನನ್ನ ಮಾತಿನಲ್ಲಿ ಅವಳಿಗೆ ಎಂದೂ ನಂಬಿಕೆ ಇರಲಿಲ್ಲ. ಇದ್ದದ್ದು ನಿಮ್ಮ ಮೇಲೆ.

ಇಂತಿ,
ಕೇಳಬೇಕಾದ್ದನ್ನು ಇನ್ನೊಮ್ಮೆ ಕೇಳದೆ, ನಕ್ಕು ಎದ್ದುಬಂದ ತಪ್ಪಿನವನು